ಮರ್ನಾಳ ಹೆಸರಿನ ಚೀಟಿಗಳು

ನೆಬ್ರಾಸ್ಕಾದ ನಮ್ಮೂರಿನಲ್ಲಿ ಕೌದಿ ಹೊಲಿಯುವ ಹೆಂಗಸರ ಸಂಘಕ್ಕೊಂದು ಪದ್ಧತಿಯಿದೆ. ಹಳೆಯ ಪತ್ರಿಕೆಗಳನ್ನು ಚರ್ಚಿನ ನೆಲಮಾಳಿಗೆಯ ಮೇಜಿನ ಮೇಲಿಟ್ಟರೆ ಬೇಕಾದವರು ಒಯ್ಯುತ್ತಾರೆ. ಇಡುವ ಮೊದಲು ಮುಖಪುಟಕ್ಕೆ ಅಂಟಿಸಿದ ಹೆಸರು, ವಿಳಾಸದ ಚೀಟಿಯನ್ನು ಕತ್ತರಿಸಿ ತೆಗೆಯಬೇಕು.

ತನ್ನ ಜೊತೆಗೇ ಇದ್ದ ತಂಗಿ ಮರ್ನಾ ಮಾರ್ಚ್‌ನಲ್ಲಿ ತೀರಿಕೊಂಡ ಮೇಲೆ ನಮ್ಮ ಪಕ್ಕದ ಮನೆಯ ಆರ್ಡಿಸ್ ಆ ಕೆಲಸಕ್ಕೆ ಕೂತಳು. ಎರಡು ತಿಂಗಳಿಗೊಮ್ಮೆ ಬರುವ ಕೌದಿ ಪತ್ರಿಕೆಯ ಮೂವತ್ತು ವರ್ಷದ ಸಂಚಿಕೆಗಳು, ಎಲ್ಲದರ ಮೇಲೂ ಮರ್ನಾಳದೇ ಹೆಸರು. ಹುರುಳಿಕಾಯಿಯ ನಾರು ತೆಗೆಯುವವಳ ಹಾಗೆ ಕತ್ತರಿಸುತ್ತಲೇ ಇದ್ದಳು. ಕಣ್ಣಲ್ಲಿ ಒಂದು ಹನಿಯಿಲ್ಲ.

"ನಾಲ್ಕು ಸಂಚಿಕೆಯಾದ್ರೂ ಇಟ್ಕೊಳ್ಳೇ, ಕಲ್ಲಿನಂಥವಳೇ," ಎಂದು ನಾನೇ ರೇಗಿದೆ.

"ಯಾಕೆ? ಹೊಲೀಬೇಕು ಅಂತ ಅಷ್ಟು ಪುಟದ ಮೂಲೆ ಮಡಚಿಟ್ಲು, ಒಂದು ಕೌದೀನೂ ಹೊಲೀಲಿಲ್ಲ. ಈ ಕತ್ತರಿ ಮೊಂಡಾಯ್ತು, ನಿಂದು ಕೊಡು."

ಮೇಜಿನ ಮೇಲಿಟ್ಟದ್ದೆಲ್ಲ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಇಬ್ಬರೂ ಆರ್ಡಿಸ್ ಮನೆಗೆ ಮರಳಿದಾಗ ಅಂಚೆಪೆಟ್ಟಿಗೆಯಲ್ಲಿ ಹೊಸ ಸಂಚಿಕೆ ಬಂದು ಬಿದ್ದಿತ್ತು, ಮರ್ನಾಳ ಹೆಸರಿಗೆ.

"ಚಂದಾ ನಿಲ್ಲಿಸೋಕೆ ಒಂದು ಫೋನ್ ಮಾಡ್ಬಾರ್ದಾ?" ಎಂದೆ.

ಆರ್ಡಿಸ್ ಒಳಗೆ ಬಂದು, ಕೋಟನ್ನೂ ಬಿಚ್ಚದೆ, ಚೀಟಿ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಆ ಜೇಬು ಆಗಲೇ ಚೀಟಿಗಳಿಂದ ಉಬ್ಬಿತ್ತು.

"ಕ್ರಿಸ್‌ಮಸ್ಸಿಗೆ ಉಡುಗೊರೆ ಅಂತ ನಾನೇ ಎರಡು ವರ್ಷದ ಚಂದಾ ಕಟ್ಟಿದ್ದೆ," ಎಂದಳು. "ಇನ್ನೂ ಹತ್ತು ಸಲ ಬರ್ತಾಳೆ. ಬರ್ಲಿ ಬಿಡು."