ಕೊಡದ ಏಳು ನಿಮಿಷ

ಸಂಘಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು; ಯಾರಾದರೂ ‘ಯುವಕರಿಗೆ ವೇದಿಕೆ’ ಎಂದರೆ, ಅದರ ಮೇಲೆ ಕುರ್ಚಿ ಯಾರಿಗೆ ಹಾಕಿದ್ದಾರೆ ಎಂದು ಮೊದಲು ನೋಡುತ್ತೇನೆ. ಆದರೂ ಆಣ್ವಿಕ ಜೀವವಿಜ್ಞಾನದ ಯುವ ಸಂಶೋಧಕರ ಜಾಲವೊಂದಕ್ಕೆ ಸೇರಿದೆ. ಸೇರಿಸಿದವಳು ನಮ್ಮ ಲ್ಯಾಬಿನ ಗೆಳತಿ, ಮೋಮಿನಪುರ ಓಣಿಯವಳು.

“ಒಬ್ಬಾಕೀನೇ ಕೂತು ಅಳೋದಕಿಂತ ನಾಲ್ಕು ಮಂದಿ ಜೋಡಿ ಅಳೋದು ಚಲೋ ಅಲ್ಲೇನು?” ಅಂದಳು. ಈ ವಾದಕ್ಕೆ ಪೂರ್ತಿ ಅಂಕ ಕೊಟ್ಟು ಹೆಸರು ಬರೆಸಿದೆ.

ಅಳುವುದಕ್ಕೆ ಕಾರಣವೂ ಇತ್ತು. ಕಮಲಾಪುರದ ಕೆಂಪು ಬಾಳೆಯ ಎಲೆಯಿಂದ ಡಿಎನ್‌ಎ ತೆಗೆಯಲು ಹೋದರೆ ಪ್ರತಿ ಸಲ ಚಹಾ ಬಣ್ಣದ ಅಂಟು ಬರುತ್ತಿತ್ತು. ಜಾಲದ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡಾಗ, ನಾನು ಮುಖವನ್ನೇ ನೋಡಿರದ ಯಾರೋ ಬರೆದರು: “ಬಲಿತ ಎಲಿ ಬಿಡ್ರಿ. ಇನ್ನೂ ಬಿಚ್ಚದ ಸುರುಳಿ ಎಲಿ ತಗೋರಿ.” ಮೂರನೆಯ ಪ್ರಯತ್ನಕ್ಕೆ ಸ್ವಚ್ಛ ಡಿಎನ್‌ಎ ಬಂತು. ಸಂದೇಹವಾದಿಯಾಗಿ ನಾನು ಸೋತ ದಿನಗಳಲ್ಲಿ ಅದೂ ಒಂದು.

ಎಲೆ ಕೊಟ್ಟ ರೈತ ಮಹಿಳೆಯದು ಒಂದೇ ಷರತ್ತು: “ತಗೋ ತಂಗಿ. ಆದ್ರ ಏನ್ ಸಿಕ್ತು ಅಂತ ಬಂದು ಹೇಳಬೇಕು.” ಸಿಕ್ಕಿದ್ದು ಇದು: ನೋಡಲು ಆರೋಗ್ಯವಾಗಿದ್ದ ಬಾಳೆ ಮರಿಗಳಲ್ಲೂ, ಅಂದರೆ ನೆಡುವ ಕಂದುಗಳಲ್ಲೂ, ವೈರಸ್ಸಿನ ಗುರುತು ಇತ್ತು.

ಜಾಲವನ್ನು ನಡೆಸುವ ಹಿರಿಯರ ಸಂಘ ಸೇಡಂ ರಸ್ತೆಯ ಸಭಾಂಗಣದಲ್ಲಿ ಸಮ್ಮೇಳನ ಇಟ್ಟಿತು. ಎಂಟು ಯುವ ಸಂಶೋಧಕರಿಗೆ ತಲಾ ಏಳು ನಿಮಿಷ. ನನ್ನ ಫೆಲೋಶಿಪ್ ಅರ್ಜಿಯಲ್ಲಿ ‘ಮಂಡಿಸಿದ ಉಪನ್ಯಾಸಗಳು’ ಎಂಬ ಕಾಲಂ ಖಾಲಿ ಇತ್ತು. ಆ ಏಳು ನಿಮಿಷ ನನಗೆ ಬೇಕೇ ಬೇಕಿತ್ತು.

ದೀಪ ಬೆಳಗಿತು, ಶಾಲು ಹೊದಿಸಿದರು. ಮೂವರು ಗಣ್ಯರು ಯುವಕರಿಗೆ ಅವಕಾಶ ಕೊಡಬೇಕೆಂದು ಒಂದೊಂದು ಗಂಟೆ ಮಾತಾಡಿದರು. ಆಮೇಲೆ ಸಂಚಾಲಕರು, ನಮ್ಮ ವಿಭಾಗದ ಪ್ರಾಧ್ಯಾಪಕರೇ, ಮೈಕ್ ಹಿಡಿದು, “ಯುವ ಸಂಶೋಧಕರ ಪ್ರಬಂಧ ಎಲ್ಲಾ ಮಂಡನೆ ಆಗ್ಯಾವ ಅಂತ ತಿಳ್ಕೊಳ್ಳೋಣ. ಊಟ ಆರಲಾಕತ್ತದ” ಎಂದರು. ಚಪ್ಪಾಳೆ ಬಿತ್ತು. ಊಟದ ಸಾಲಿನ ಬಾಯಲ್ಲೇ ಮೇಜು ಹಾಕಿಕೊಂಡು ಅವರೇ ಪ್ರಮಾಣಪತ್ರ ಹಂಚಿದರು.

“ಸರ್, ಇದರಾಗ ನಾ ಉಪನ್ಯಾಸ ಕೊಟ್ಟೀನಿ ಅಂತ ಬರದಾರ.”

“ಹೌದಮ್ಮ.”

“ನಾ ಬಾಯೇ ತೆಗದಿಲ್ಲಲ್ರಿ.”

“ಪಟ್ಟಿಯೊಳಗ ಹೆಸರು ಅದಲ್ಲ? ಎಲ್ಲಾರೂ ತಗೊಂಡಾರ, ನಿಂದೇನು ಬ್ಯಾರೆ?”

“ಮಾಡದ ಪ್ರಯೋಗ ಮಾಡೀನಿ ಅಂತ ಬರದ್ರ ನೀವೇ ನನ್ನ ಥೀಸಿಸ್ ವಾಪಸ್ ಕಳಸ್ತೀರಿ. ಇದೂ ಅದೇ ಅಲ್ಲೇನ್ರಿ?”

“ಡಿಬೇಟ್ ಸಾಕು. ಹೋಗಿ ಊಟ ಮಾಡು.”

ಪತ್ರವನ್ನು ಅವರ ಮೇಜಿನ ಮೇಲಿಟ್ಟೆ. ಊಟ ಮಾತ್ರ ಮಾಡಿದೆ; ಹಸಿವಿನೊಂದಿಗೆ ನನಗೆ ಜಗಳವಿರಲಿಲ್ಲ.

“ಹುಚ್ಚಿ ಅದೀ ನೀ,” ಅಂದಳು ಗೆಳತಿ. ಅವಳ ಪತ್ರ ಆಗಲೇ ಬ್ಯಾಗಿನೊಳಗೆ ಹೋಗಿತ್ತು. “ಅರ್ಜಿ ಖಾಲಿ ಹೋಗ್ತದ, ನೋಡು.”

“ಸುಳ್ಳು ತುಂಬಿ ಹೋಗೋದಕಿಂತ ಖಾಲಿನೇ ಹೋಗಲಿ.”

ಆದರೆ ಸಂಜೆ ಗುಂಪಿನಲ್ಲಿ ಬರೆದವಳು ಅವಳೇ: “ಮಾತಾಡದೇ ಉಳದವ್ರು ಭಾನುವಾರ ಕಮಲಾಪುರಕ್ಕ ಬರ್ರಿ. ಶಾಲು ಇರಂಗಿಲ್ಲ.”

ಐದು ಜನ ಬಸ್ಸಿಳಿದೆವು. ಬಾಳೆಗೊನೆ ಇಡುವ ಶೆಡ್ಡಿನಲ್ಲಿ, ಬೋರಲು ಹಾಕಿದ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಬ್ಬೊಬ್ಬರಾಗಿ ಮಾತಾಡಿದೆವು. ಗೆಳತಿ ಫೋನಿನಲ್ಲಿ ಸಮಯ ಹಿಡಿದಳು, ನನ್ನನ್ನು ಏಳಕ್ಕೆ ಸರಿಯಾಗಿ ನಿಲ್ಲಿಸಿದಳು. ಗೊನೆಗಳ ಪಕ್ಕ ಕೂತು ಕೇಳುತ್ತಿದ್ದವರು ಎಲೆ ಕೊಟ್ಟ ರೈತ ಮಹಿಳೆ; ಶೆಡ್ಡು ಅವರದೇ.

“ಈ ಮರಿ ನಾವು ಬ್ಯಾರೆ ತ್ವಾಟದಿಂದ ತಂದಿದ್ದು,” ಎಂದರು. “ರೋಗ ಅವುಗಳ ಜೋಡಿನೇ ಬಂತೋ, ನಮ್ಮಲ್ಲಿ ಬಂದ ಮ್ಯಾಲೆ ಹತ್ತಿತೋ?”

ಮರಿಗಳನ್ನು ತಂದ ದಿನದ ಎಲೆ ನನ್ನ ಬಳಿ ಇರಲಿಲ್ಲ. ಅಂಥ ಪ್ರಶ್ನೆಯನ್ನು ಲ್ಯಾಬಿನಲ್ಲಿ ಯಾರೂ, ನಾನೂ, ಕೇಳಿರಲಿಲ್ಲ.

“ಗೊತ್ತಿಲ್ಲ ಅಕ್ಕಾ.”

“ಹಂಗಾದ್ರ ಮುಂದಿನ ಸಲ ಮರಿ ತರೋ ದಿನ ಫೋನ್ ಹಚ್ತೀನಿ. ಬಾ.”

ಅರ್ಜಿಯ ಆ ಕಾಲಂನಲ್ಲಿ ಬರೆದೆ: ‘ಕಮಲಾಪುರ, ಬಾಳೆತೋಟದ ಶೆಡ್. ಏಳು ನಿಮಿಷ. ಬಂದ ಪ್ರಶ್ನೆ ಒಂದು. ಉತ್ತರ ಇನ್ನೂ ಇಲ್ಲ.’

ಗೆಳತಿ ಓದಿ ತಲೆ ಅಲ್ಲಾಡಿಸಿದಳು. “ಇದನ್ನ ಯಾರು ಒಪ್ತಾರ?”

“ಒಪ್ಪದಿದ್ರ ಯಾಕಂತ ಬರದು ಕೊಡ್ಲಿ,” ಎಂದು ಕಳಿಸುವ ಗುಂಡಿ ಒತ್ತಿದೆ.