ಬೇಸ್ತವಾರ ಅಂದದ್ದಕ್ಕೆ

ಆಂಧ್ರದಿಂದ ಪ್ರತ್ಯೇಕ ರಾಜ್ಯ ಬೇಕೆಂಬ ಮುಷ್ಕರಕ್ಕೆ ಬಸ್ಸುಗಳೆಲ್ಲ ನಿಂತಿದ್ದ ವರ್ಷ ನಾನು ಜಹೀರಾಬಾದಿನ ಒಂದು ವೃದ್ಧಾಶ್ರಮದಲ್ಲಿ ಆಯಾ ಆಗಿದ್ದೆ. ಮೊಗುಡಂಪಲ್ಲಿಯಿಂದ ದಿನಾ ಓಡಾಟ. ಒಂದೆರಡು ದಿನ ಜೀಪುಗಳು ಸಿಕ್ಕವು. ಕಲ್ಲು ಬಿದ್ದಮೇಲೆ ಅವೂ ನಿಂತವು. ಮೂರು ವಾರ ನಾನು ಕೆಲಸಕ್ಕೆ ಹೋಗಲಾಗಲಿಲ್ಲ. ಆ ಮೂರು ವಾರದಲ್ಲಿ ಅಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಶ್ರಮದಲ್ಲಿ ರಾಯಿಕೋಡ್ ಕಡೆಯ ಒಬ್ಬ ಮುದುಕಿ ಇದ್ದಳು. ಕುರಿ ಸಾಕುವ ಮನೆಯವಳು. ಮಗ ಹಿಂಡು ಹೊಡೆದುಕೊಂಡು ತಾಂಡೂರಿನಾಚೆ ಹೋಗುವಾಗ, ಮುರಿದ ಮುಂಗೈ ಕೂಡುವ ತನಕ ಇರಲೆಂದು ಬಿಟ್ಟುಹೋಗಿದ್ದ. ಆ ಕೈ ಒಂದು ಬಿಟ್ಟರೆ ಆಕೆ ನನಗಿಂತ ಗಟ್ಟಿ. ಅಂಗಳದಲ್ಲಿ ಹತ್ತು ಸುತ್ತು ಹಾಕದೆ ಚಹಾ ಮುಟ್ಟುತ್ತಿರಲಿಲ್ಲ.

ಬಸ್ಸು ಶುರುವಾದ ದಿನ ಹೋಗಿ ನೋಡಿದರೆ, ಕಂಬಿ ಹಾಕಿದ ಮಂಚದಲ್ಲಿ ಮಲಗಿದ್ದಳು. ತುಟಿ ಒಣಗಿತ್ತು, ನಾಲಿಗೆ ತೊದಲುತ್ತಿತ್ತು.

“ಏನಾತವ್ವಾ?” ಎಂದೆ.

“ಆ ಡಬ್ಬಿ ನನಗ ಹುಚ್ಚಿ ಅಂತ ಬರದದ. ಏಳಾಕ ಬಿಡವಲ್ರು.”

ಡಬ್ಬಿ ಎಂದರೆ ರೋಬೋಟ್. ನಾವು ಆಯಾಗಳು ಬರಲಾರದೆ ಹೋದಾಗ ಮ್ಯಾನೇಜರ್ ತನಗೆ ಗೊತ್ತಿದ್ದ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ತರಿಸಿದ್ದ. ಸೊಂಟದೆತ್ತರ, ಕೆಳಗೆ ಚಕ್ರ, ಮುಖದ ಜಾಗದಲ್ಲಿ ಪರದೆ. ಮಂಚದಿಂದ ಮಂಚಕ್ಕೆ ಹೋಗಿ ಗುಳಿಗೆ ಕೊಡುತ್ತಿತ್ತು. ನೆನಪು ನೆಟ್ಟಗಿದೆಯೇ ಎಂದು ಪುಸ್ತಕದ ತೆಲುಗಿನಲ್ಲಿ ಪ್ರಶ್ನೆ ಕೇಳಿ, ಉತ್ತರ ಸರಿಯೋ ತಪ್ಪೋ ಗುರುತು ಹಾಕುತ್ತಿತ್ತು. ಇಂದು ಯಾವ ವಾರ ಎಂದದ್ದಕ್ಕೆ ಮುದುಕಿ ‘ಬೇಸ್ತವಾರ’ ಅಂದಿದ್ದಾಳೆ. ಅದಕ್ಕೆ ಗೊತ್ತಿದ್ದದ್ದು ‘ಗುರುವಾರಂ’ ಒಂದೇ. ತಪ್ಪು. ಇನ್ನೊಂದು ದಿನ ಭಾನುವಾರಕ್ಕೆ ‘ಐತ್ವಾರ’ ಅಂದಳು. ಅದೂ ತಪ್ಪು. ವಾರ ಕಳೆದು ಬಂದ ಡಾಕ್ಟರ್ ಆಕೆಯ ಮುಖ ನೋಡಲಿಲ್ಲ, ಯಂತ್ರದ ಹಾಳೆ ನೋಡಿದ. ಬುದ್ಧಿಭ್ರಮಣೆ, ಎದ್ದು ಎಲ್ಲಾದರೂ ಹೋದಾಳು ಎಂದು ಬರೆದು ಕಂಬಿ ಹಾಕಿಸಿದ. ಮಂಪರಿನ ಗುಳಿಗೆ ಶುರುಮಾಡಿಸಿದ.

ಸೀದಾ ಮ್ಯಾನೇಜರನ ಕೋಣೆಗೆ ನುಗ್ಗಿದೆ. ಅವನ ಅಂಗಿಗೆ ಚಳವಳಿಯ ಬಿಲ್ಲೆ ಇತ್ತು.

“ನಮ್ಮ ಮಾತಿಗಿ ಆಂಧ್ರದವರು ನಗ್ತಾರಂತ ರಸ್ತಾದಾಗ ಕುಂತೀರಿ. ನಿಮ್ಮ ಮನ್ಯಾಗ ಗುರುವಾರಕ್ಕ ಏನಂತಾರ್ರಿ?”

ಅವನು ಬಿಲ್ಲೆ ಸರಿಮಾಡಿಕೊಂಡ. “ನಮ್ಮವ್ವ ಭೀ ಬೇಸ್ತಾರಂ ಅಂತಾಳ. ಮಷೀನಿಗಿ ಏನ್ ಗೊತ್ತು?”

“ಮಷೀನಿಗಿ ಗೊತ್ತಿಲ್ಲ. ನಿಮಗ ಗೊತ್ತಿತ್ತಲ್ಲ.”

ನನಗೆ ಆ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ಗುಳಿಗೆಯನ್ನು ನಮಗಿಂತ ಸರಿಯಾದ ಹೊತ್ತಿಗೆ ಕೊಡುತ್ತಿತ್ತು, ಹಾಸಿಗೆ ಒದ್ದೆ ಮಾಡಿದವರನ್ನು ಬೈಯುತ್ತಿರಲಿಲ್ಲ. ಆದರೆ ಮುಷ್ಕರದಲ್ಲೂ ಅಲ್ಲೇ ಇದ್ದ ಅಡುಗೆಯವಳು, ಕಾವಲುಗಾರ, ಮ್ಯಾನೇಜರ್ ಎಲ್ಲರೂ ಈ ನೆಲದವರೇ. ದಿನಾ ಆ ಉತ್ತರ ಕೇಳಿದರು. ಒಬ್ಬರೂ “ಆಕೆ ಸರಿಯಾಗೇ ಹೇಳ್ಯಾಳ” ಅನ್ನಲಿಲ್ಲ.

ಡಾಕ್ಟರ್ ಬರುವ ತನಕ ನಾನು ಆ ಮಂಚ ಬಿಟ್ಟು ಕದಲಲಿಲ್ಲ. ಮ್ಯಾನೇಜರನ ಜೊತೆ ಜಗಳ ತೆಗೆದು ಮಂಪರಿನ ಗುಳಿಗೆ ನಿಲ್ಲಿಸಿದೆ. ಎರಡು ದಿನಕ್ಕೆ ಮುದುಕಿಯ ನಾಲಿಗೆ ತಿಳಿಯಾಯಿತು. ಮೂರನೆಯ ದಿನ ಡಾಕ್ಟರನನ್ನು ಅವಳೆದುರು ಕೂರಿಸಿ, ನೀವೇ ಕೇಳಿರಿ ಎಂದೆ. ವಾರ, ತಿಂಗಳು, ಮಗ ಹೋದ ಊರು, ಎಲ್ಲ ಹೇಳಿದಳು. ಅವನು ಬರೆದದ್ದನ್ನು ಹೊಡೆದುಹಾಕಿದ. ಕಂಬಿ ಬಿಚ್ಚಿದರು.

ಇಳಿಸಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಎರಡು ವಾರ ನೆಲ ಮುಟ್ಟದ ಕಾಲು.

“ವಯಸ್ಸಾಗಿದೆ,” ಎಂದ ಡಾಕ್ಟರ್.

“ಹೋದ ತಿಂಗಳು ವಯಸ್ಸು ಇರಲಿಲ್ಲೇನ್ರಿ?” ಎಂದೆ.

ಮಗ ಬಂದಾಗ ಎಲ್ಲವನ್ನೂ ಮ್ಯಾನೇಜರನ ಎದುರಿಗೇ ಹೇಳಿದೆ. ಮಗ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಮ್ಯಾನೇಜರನಿಗೆ ಕೈಮುಗಿದ, ಬಗ್ಗಿ ತಾಯಿಯನ್ನು ಬೆನ್ನಿಗೆ ಏರಿಸಿಕೊಂಡು ಹೊರಗೆ ನಡೆದ. ಅವನು ಹಾಗೆ ಕೈಮುಗಿದದ್ದನ್ನು ನಾನು ಇವತ್ತಿಗೂ ಸಹಿಸಲಾರೆ.