ಕೆಳಮನೆಗೆ ಬರುವ ಮೇಡಂ

ಮಂಗಳವಾರ ಮಧ್ಯಾಹ್ನವಾದರೆ ಸಾಕು, ದೊಡ್ಡ ಸೊಸೆ ಮೈಯೆಲ್ಲ ಕಿವಿಯಾಗುತ್ತಿದ್ದಳು. ಅವಳು ಮಹಡಿಯ ಮನೆಯಲ್ಲಿ ಇಸ್ತ್ರಿ ಮಾಡುವವಳು. ಬೀದಿಯ ಅರ್ಧದಷ್ಟು ಜನರ ಬಟ್ಟೆ ಅವಳ ಮೇಜಿನ ಮೇಲೆಯೇ ಗರಿಗರಿಯಾಗಬೇಕು. ಕೆಳಮನೆಯಲ್ಲಿ ಅವಳ ಓರಗಿತ್ತಿ, ಚಿಕ್ಕ ಸೊಸೆ, ಇಬ್ಬರು ಚಿಕ್ಕ ಮಕ್ಕಳೊಂದಿಗೆ.

ಸರ್ಕಾರ ಬಿದ್ದು, ಚುನಾವಣೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇದ್ದ ದಿನಗಳವು. ಪತ್ರಿಕೆಯ ಅಚ್ಚುಕೂಟದಲ್ಲಿದ್ದ ಮೈದುನನನ್ನು ವಿಚಾರಣೆಗೆಂದು ಕರೆದೊಯ್ದವರು ಇನ್ನೂ ಬಿಟ್ಟಿರಲಿಲ್ಲ. ಅಂಥ ಮನೆಯವರ ಮನಸ್ಸು ಕುಸಿಯದಿರಲೆಂದು ಆರೋಗ್ಯ ಕೇಂದ್ರದಿಂದ ಸಮಾಲೋಚಕಿಯೊಬ್ಬರು ವಾರಕ್ಕೊಮ್ಮೆ ಬಂದು ಮಾತಾಡಿಸಿ ಹೋಗುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

ಮೊದಲ ವಾರ ದೊಡ್ಡವಳೇ ಚಹಾ ಕಾಸಿ ಕೆಳಗೆ ಒಯ್ದಳು. ಮೇಡಂ ಲೋಟ ತೆಗೆದುಕೊಂಡು ನಕ್ಕು, ಮತ್ತೆ ಚಿಕ್ಕವಳ ಕಡೆಗೇ ತಿರುಗಿದರು. ಮೆಟ್ಟಿಲು ಹತ್ತುವಾಗ ಅವಳ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಅವಳ ಗಂಡ ಬಸ್ ಡ್ರೈವರು. ಗಲಾಟೆಯಾದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು. ನಿಂತ ದಿನ ಅವನು ಟಿವಿಯ ಮುಂದೆ ಕೂತು ಸುದ್ದಿಗೆ ಬೈಯುವನು. ಸುದ್ದಿ ಮುಗಿದರೆ ಹೆಂಡತಿಗೆ. ಕೆಳಮನೆಯ ಮಕ್ಕಳಿಗೂ ಬೇಯಿಸಿ ಹಾಕುವ ಅವಳನ್ನು, 'ನಿನಗೆ ಹೇಗಿದೆಯಮ್ಮ' ಎಂದು ಕೇಳಿದವರಿಲ್ಲ.

ಇನ್ನೂ ಉರಿಸಿದ್ದು ಬೇರೆಯೇ. ಮದುವೆಯಾಗಿ ಬಂದಾಗಿನಿಂದ ಚಿಕ್ಕವಳು ಅತ್ತರೂ ನಕ್ಕರೂ ಮೆಟ್ಟಿಲು ಹತ್ತಿ ಇವಳ ಹತ್ತಿರವೇ ಬರುತ್ತಿದ್ದಳು. ಈಗ ಎಲ್ಲವನ್ನೂ ಮಂಗಳವಾರಕ್ಕೆಂದು ಎತ್ತಿಡುತ್ತಿದ್ದಳು. ಒಂದು ದಿನ ಕೆಳಗಿನಿಂದ ಅವಳ ನಗು ಕೇಳಿಸಿತು. ಗಂಡನನ್ನು ಕರೆದೊಯ್ದ ಮೇಲೆ ಅದೇ ಮೊದಲ ನಗು. ಸಂತೋಷಪಡಬೇಕಾದವಳು ಇಸ್ತ್ರಿಪೆಟ್ಟಿಗೆಯನ್ನು ದಡ್ಡನೆ ಕುಕ್ಕಿದಳು.

ಮುಂದಿನ ಮಂಗಳವಾರ ಚಿಕ್ಕವಳು ಗಂಡನ ವಿಷಯ ಕೇಳಲು ಪೊಲೀಸ್ ಠಾಣೆಗೆ ಹೋಗಿದ್ದವಳು ಬರುವುದು ತಡವಾಯಿತು. ಮೇಡಂ ಬಂದಾಗ ಬಾಗಿಲಲ್ಲಿ ದೊಡ್ಡವಳೇ ನಿಂತಿದ್ದಳು.

"ಅವಳಿಗೆ ಇದೆಲ್ಲ ಬೇಡವಂತೆ ಮೇಡಂ. ನಿಮ್ಮ ಮುಖ ನೋಡಿ ಹೇಳೋಕೆ ಸಂಕೋಚ. ಇನ್ನು ಬರೋದು ಬೇಡ ಅಂದಿದ್ದಾಳೆ."

ಮೇಡಂ ಒಳಗೊಮ್ಮೆ ಇಣುಕಿ ನೋಡಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಚಿಕ್ಕವಳು ಏದುಸಿರು ಬಿಡುತ್ತ ಬಂದಳು.

"ಅಕ್ಕ, ಮೇಡಂ ಬಂದಿದ್ರಾ?"

"ಇಲ್ವಲ್ಲ, ಯಾರೂ ಬರ್ಲಿಲ್ಲ."

ಇನ್ನು ಅವಳು ಮೊದಲಿನ ಹಾಗೆ ಮೇಲೆ ಬರುತ್ತಾಳೆಂದು ದೊಡ್ಡವಳು ಕಾದಳು. ಅವಳು ಬರಲಿಲ್ಲ. ಮರುವಾರ ದೀಪ ಹಚ್ಚುವ ಹೊತ್ತಿನವರೆಗೂ ಚಿಕ್ಕವಳು ಹೊಸ್ತಿಲಲ್ಲಿ ಕೂತು ಮೇಡಂ ದಾರಿ ನೋಡಿದಳು. ಆಮೇಲೆ ಆರೋಗ್ಯ ಕೇಂದ್ರಕ್ಕೇ ಹೋಗಿ ವಿಚಾರಿಸಿ, ನೆಟ್ಟಗೆ ಮಹಡಿಗೆ ಬಂದಳು.

"ಅಕ್ಕ, ಹಾಗೆ ಹೇಳಿದ್ದು ನೀವೇನಾ?"

ಜಾರಿಕೊಳ್ಳಬಹುದಿತ್ತು. ಆದರೆ ಅಷ್ಟು ದಿನ ಒಳಗೇ ಕುದಿಯುತ್ತಿದ್ದುದು ಉಕ್ಕಿಬಿಟ್ಟಿತು.

"ಹೌದು ಕಣೇ, ನಾನೇ! ನಿನಗೆ ಮೇಡಂ, ನಿನಗೆ ಬೀದಿಯವರ ಅಯ್ಯೋ ಪಾಪ. ನನ್ನ ಗಂಡನನ್ನೂ ಹಿಡ್ಕೊಂಡು ಹೋಗಿದ್ರೆ ನನ್ನನ್ನೂ ಕೇಳೋರು ಇರ್ತಿದ್ರು!"

ಒಳಕೋಣೆಯಲ್ಲಿ ಗಂಡ ಟಿವಿಯ ಸದ್ದು ತಗ್ಗಿಸಿದ. ಚಿಕ್ಕವಳು ಮಡಿಸಿಟ್ಟಿದ್ದ ಮಕ್ಕಳ ಬಟ್ಟೆಯನ್ನು ಎದೆಗವಚಿಕೊಂಡು ಇಳಿದುಹೋದಳು. ಆ ರಾತ್ರಿ ದೊಡ್ಡವಳು ಆಡಿದ ಮಾತನ್ನೇ ನೆನೆಯುತ್ತ ತಟ್ಟೆ ಸರಿಸಿ ಎದ್ದಳು.

ಮಂಗಳವಾರ ಮೆಟ್ಟಿಲ ಬುಡದಿಂದ ಚಿಕ್ಕವಳ ದನಿ ಬಂತು. "ಅಕ್ಕ, ಮೇಡಂ ಬಂದಿದ್ದಾರೆ. ನೀವೂ ಬನ್ನಿ." ದನಿಯಲ್ಲಿ ಮುನಿಸು ಇನ್ನೂ ಇತ್ತು. ಆದರೂ ದೊಡ್ಡವಳು ಇಳಿದು ಹೋಗಿ ಚಾಪೆಯ ತುದಿಯಲ್ಲಿ ಕೂತಳು.

"ನೀವು ಹೇಗಿದ್ದೀರಿ?" ಎಂದರು ಮೇಡಂ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

"ಸುಳ್ಳು ಮೇಡಂ," ಎಂದಳು ಚಿಕ್ಕವಳು, ತಲೆ ಎತ್ತದೆ. "ರಾತ್ರಿಯೆಲ್ಲ ಎದ್ದೆದ್ದು ಬಾಗಿಲ ಚಿಲಕ ನೋಡ್ತಾರೆ. ಕೆಳಗಿರೋ ನನಗೆ ಹೆಜ್ಜೆ ಕೇಳಿಸುತ್ತೆ. ಹೆಜ್ಜೆ ನಿಲ್ಲೋವರೆಗೂ ನನಗೂ ನಿದ್ದೆ ಬರಲ್ಲ."

ದೊಡ್ಡವಳ ಕಣ್ಣು ತುಂಬಿಕೊಂಡವು. ಬಾಯಿ ಬಿಟ್ಟವಳು ಗಂಡನ ಸಿಡುಕು, ಮನೆ ಮುಂದೆ ಯಾವ ಗಾಡಿ ನಿಂತರೂ ಎದೆ ನಡುಗುವುದು, ಎಲ್ಲವನ್ನೂ ಹೇಳಿದಳು. ಮೇಡಂ ಚಿಕ್ಕವಳ ಕಡೆಗೆ ತಿರುಗಿದಾಗ, ನನ್ನದಿನ್ನೂ ಮುಗಿದಿಲ್ಲ ಎಂದು ದೊಡ್ಡವಳಿಗೆ ಮತ್ತೆ ಚುರುಕ್ಕೆಂದಿತು.

ಚುನಾವಣೆ ಮುಗಿದ ಮೇಲೆ ಮೈದುನ ಸೊರಗಿ ಮನೆಗೆ ಬಂದ. ಮೇಡಂ ಆಮೇಲೂ ಕೆಲವು ತಿಂಗಳು ಬಂದು, ಇನ್ನು ತಮಗೆ ಬೇರೆ ಬೀದಿ ಕೊಟ್ಟಿದ್ದಾರೆಂದು ಹೇಳಿದರು. ಚಿಕ್ಕವಳು ಅವರ ಕೈ ಹಿಡಿದು ಅತ್ತಳು. ದೊಡ್ಡವಳು ಮೂಗು ಒರೆಸಿಕೊಂಡು ಕೇಳಿದಳು:

"ಅಲ್ಲಿ ಯಾರ ಮನೆಗೆ ಹೋಗ್ತೀರಿ?"